ಹೂಂಗುಟ್ಟಿದ ಗ್ರಾಮಸಭೆ

ಏರ್‌ಪೋರ್ಟ್ ಬಂದು ಕೆಲವು ವರ್ಷಗಳಾದ ಮೇಲೆ ನಮ್ಮೂರಲ್ಲಿ ಬಯಲು ಅಂತ ಉಳಿದದ್ದು ಒಂದೇ, ಶಾಲೆಯ ಮುಂದಿನದು. ಕುಂದಾಣದ ಕಡೆಯಿಂದ ಬರುವಾಗ ಮೊದಲು ಎಡಕ್ಕೂ ಬಲಕ್ಕೂ ಹೊಲ ಕಾಣುತ್ತಿತ್ತು. ಆಮೇಲೆ ಎರಡೂ ಕಡೆ ತಂತಿಬೇಲಿ, ಸೈಟಿನ ಕಲ್ಲು, ಬಣ್ಣದ ಬೋರ್ಡು ಬಂದವು. ಬೋರ್ಡಿನಲ್ಲಿ ಈಜುಕೊಳದ ಚಿತ್ರ, ಬೇಲಿಯೊಳಗೆ ಪಾರ್ಥೇನಿಯಂ ಗಿಡ. ದನ ನುಗ್ಗಿದರೆ ವಾಚ್‌ಮನ್ ಓಡಿಸುತ್ತಾನೆ, ಮಕ್ಕಳು ನುಗ್ಗಿದರೂ ಓಡಿಸುತ್ತಾನೆ. ಹಾಗಾಗಿ ಊರಿನ ಮಕ್ಕಳೆಲ್ಲ ಶಾಲೆ ಬಿಟ್ಟ ಮೇಲೂ ಶಾಲೆಯ ಮುಂದೆಯೇ ಇರುತ್ತಿದ್ದರು. ನನ್ನ ಚಿಕ್ಕ ಮೊಮ್ಮಗಳಂತೂ ಅಲ್ಲಿ ಕುಂಟೆಬಿಲ್ಲೆ ಆಡಿ ಆಡಿ, ಮನೆಯೊಳಗೂ ಒಂಟಿಕಾಲಲ್ಲೇ ಓಡಾಡುತ್ತಿದ್ದಳು. ಆ ಬಯಲು ನಮ್ಮ ಬಾಯಿಂದಲೇ ಹೋಗುವುದರಲ್ಲಿತ್ತು. ನಮ್ಮ ಬಾಯಿಂದ ಅಂದರೆ, ಊರಿನ ಹೆಂಗಸರು ನಾವೆಲ್ಲ ಒಟ್ಟಿಗೆ ಅಂದ ಒಂದು ‘ಹೂಂ’ನಿಂದ.

ಈ ‘ಹೂಂ’ ವಿಷಯ ಮೊದಲು ಹೇಳಿಬಿಡಬೇಕು. ನಮ್ಮಲ್ಲಿ ಕತೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ನನ್ನ ದೊಡ್ಡ ಮೊಮ್ಮಗಳು ಚಿಕ್ಕವಳಿದ್ದಾಗ ನಿದ್ದೆ ಹತ್ತಿದ ಮೇಲೂ ಹೂಂ ಹೂಂ ಅನ್ನುತ್ತಲೇ ಇರುತ್ತಿದ್ದಳು, ನಾನೂ ಮೋಸಹೋಗಿ ರಾಜನನ್ನು ಇನ್ನೂ ಎರಡು ಕಾಡು ದಾಟಿಸಿಬಿಡುತ್ತಿದ್ದೆ. ಕತೆಗೆ ಮಾತ್ರವಲ್ಲ, ಗೋಡೆಯಾಚೆಯ ಪಕ್ಕದ ಮನೆಯವಳ ಸುದ್ದಿಗೂ ಹೂಂ, ಫೋನಿನಲ್ಲಿ ತಂಗಿಯ ಗೋಳಿಗೂ ಹೂಂ. ಹೂಂ ಅಂದರೆ ನಾನಿಲ್ಲಿದ್ದೇನೆ, ಕಿವಿ ನೆಟ್ಟಗಿದೆ, ಮುಂದಕ್ಕೆ ಹೇಳು ಅಂತ. ಒಪ್ಪಿದ್ದೇನೆ ಅಂತಲ್ಲ. ನನ್ನ ಅತ್ತೆ ಬದುಕಿದ್ದ ತನಕ ಅವರು ಅಂದದ್ದಕ್ಕೆಲ್ಲ ನಾನು ಹೂಂ ಅಂದಿದ್ದೇನೆ. ಒಂದಕ್ಕೂ ಒಪ್ಪಿದ್ದಿಲ್ಲ.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ. ಅಲ್ಲಿಯೂ ಕಲಿಸಿದ್ದು ಇದನ್ನೇ. ಮೇಷ್ಟ್ರು ಬೋರ್ಡಿನ ಮೇಲೆ ಏನೋ ಬರೆದು, ತಿರುಗಿ, “ಅರ್ಥ ಆಯ್ತೇನ್ರೋ?” ಅನ್ನುತ್ತಿದ್ದರು. ನಾವು ಒಂದೇ ಉಸಿರಿಗೆ “ಹೂಂ ಸಾ” ಅನ್ನುತ್ತಿದ್ದೆವು. ಒಮ್ಮೆ ನನ್ನ ಪಕ್ಕದಲ್ಲಿ ಕೂತವಳು “ಆಗ್ಲಿಲ್ಲ ಸಾ” ಅಂದುಬಿಟ್ಟಳು. ಅವಳನ್ನು ಮಧ್ಯಾಹ್ನದ ತನಕ ಹೊರಗೆ ನಿಲ್ಲಿಸಿದರು. ಆವತ್ತು ನಮಗೆಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ನಾನು ಬೇಗ ಬಿಟ್ಟೆ, ಬಚಾವಾದೆ. ಡಿಗ್ರಿ ತನಕ ಓದಿದವರು ನನಗಿಂತ ಎಷ್ಟೋ ನಯವಾಗಿ ಹೂಂ ಅನ್ನುವುದನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ದೊಡ್ಡ ಮೊಮ್ಮಗಳು ಪಿಯುಸಿ ಮುಗಿಸಿದ ವರ್ಷ ದೇವನಹಳ್ಳಿಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಏರ್‌ಪೋರ್ಟ್ ಕೆಲಸದ ಟ್ರೈನಿಂಗ್ ಅಂತ ಶುರುವಾಗಿತ್ತು. ಅವಳ ಅಪ್ಪ, ಅಂದರೆ ನನ್ನ ಮಗ, ಟ್ಯಾಕ್ಸಿ ಓಡಿಸುತ್ತಾನೆ. ದಿನವೂ ಏರ್‌ಪೋರ್ಟಿನ ಬಾಗಿಲ ತನಕ ಹೋಗಿ ವಾಪಸ್ಸು ಬರುವವನು. ಮಗಳಾದರೂ ಬಾಗಿಲು ದಾಟಿ ಒಳಗೆ ಹೋಗಲಿ ಅಂತ ಸೇರಿಸಿದ. ಅಲ್ಲಿ ಏನು ಕಲಿಸುತ್ತಾರೆ ಅಂತ ಕೇಳಿದೆ.

“ನಗೋದು ಕಣಜ್ಜಿ.”

“ನಗೋದಾ? ಅದನ್ನ ಕಲ್ಸೋಕೆ ಬೇರೆ ಮೇಷ್ಟ್ರಾ?”

“ಹಂಗಲ್ಲ. ಮೇಲ್ಗಡೆ ಹಲ್ಲು ಮಾತ್ರ ಕಾಣ್ಬೇಕು.”

“ನಂಗೆ ಮೇಲ್ಗಡೆ ಹಲ್ಲೇ ಇಲ್ಲ. ನಾನು ಏರ್‌ಪೋರ್ಟಿಗೆ ಹೋದ್ರೆ ಒಳಗೆ ಬಿಡಲ್ವೇನೋ ಹಂಗಾದ್ರೆ.”

ಮನೆಯಲ್ಲಿ ಅವಳಿಗೆ ಅಭ್ಯಾಸಕ್ಕೆ ಪ್ರಯಾಣಿಕರು ಬೇಕಲ್ಲ. ಸೊಸೆಗೆ ಪುರುಸೊತ್ತಿರಲಿಲ್ಲ. ಕೈಗೆ ಸಿಕ್ಕವಳು ನಾನೇ. ದಿನಾ ಸಂಜೆ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದರೆ, ಇವಳು ಜುಟ್ಟನ್ನು ಬಿಗಿಯಾಗಿ ಗಂಟುಹಾಕಿ, ಹಿಟ್ಟಿನ ಡಬ್ಬದ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದಳು. ನಾನು ಬ್ಯಾಗು ಕಳೆದುಕೊಂಡ ಹೆಂಗಸು.

“ನಮಸ್ಕಾರ ಮೇಡಂ. ನಿಮ್ಮ ಬ್ಯಾಗ್ ಬಂದಿಲ್ವಾ?”

“ಬಂದಿದ್ರೆ ನಿನ್ ಹತ್ರ ಯಾಕ್ ಬರ್ತಿದ್ದೆ? ಮೂತಿ ನೋಡೋಕಾ?”

“ಅಜ್ಜೀ! ಹಂಗೆಲ್ಲ ಅನ್ಬಾರ್ದು.”

“ಬ್ಯಾಗ್ ಕಳ್ಕೊಂಡೋರು ಹಂಗೇ ಅನ್ನೋದು ಕಣೇ. ಮುಂದಕ್ಕೆ ನಡಿ.”

“ಬ್ಯಾಗ್‌ನಲ್ಲಿ ಏನಿತ್ತು ಮೇಡಂ?”

“ಹಲಸಿನ ಹಣ್ಣು. ನಾಳೆ ನಾಡಿದ್ರೊಳಗೆ ಕೊಡ್ಲಿಲ್ಲ ಅಂದ್ರೆ ವಾಸನೆ ಹಿಡಿದು ನೀವೇ ಹುಡುಕ್ಕೊಂಡ್ ಬರ್ತೀರ.”

ನಗು ತಡೆಯಲಾಗದೆ ಅವಳ ಮೇಲಿನ ಹಲ್ಲು ಕೆಳಗಿನ ಹಲ್ಲು ಎಲ್ಲ ಕಾಣುತ್ತಿದ್ದವು. ಆದರೂ ಕಲಿಸಿದ್ದನ್ನು ಬಿಡಲಿಲ್ಲ. ಅವರಲ್ಲಿ ಒಂದು ಕ್ರಮವಂತೆ. ಎದುರಿಗಿದ್ದವರು ಏನು ಹೇಳಿದರೋ ಅದನ್ನು ಸುಲಭದ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ, ಸರಿಯೇ ಅಂತ ಕೇಳಬೇಕು. ಅವರು ಸರಿ ಅನ್ನುವ ತನಕ ಮುಂದಿನ ಕೆಲಸಕ್ಕೆ ಕೈ ಹಾಕಬಾರದು.

“ಅಂದ್ರೆ ಮೇಡಂ, ನೀವು ಹೇಳ್ತಿರೋದು, ನಿಮ್ಮ ಬ್ಯಾಗ್ ಬಂದಿಲ್ಲ, ಅದ್ರಲ್ಲಿ ಹಲಸಿನ ಹಣ್ಣಿದೆ, ತಡ ಆದ್ರೆ ಕೆಟ್ಟೋಗತ್ತೆ, ಅದಕ್ಕೇ ನಿಮಗೆ ಕೋಪ ಬಂದಿದೆ. ಸರಿನಾ?”

“ಸರಿ ಕಣೇ” ಅಂದೆ. ಇಲ್ಲದ ಬ್ಯಾಗಿಗೆ ಇಲ್ಲದ ಕೋಪವೇ ಆದರೂ, ಯಾರೋ ಒಬ್ಬರು ನಾನಂದದ್ದನ್ನು ಪೂರ್ತಿ ಕೇಳಿಸಿಕೊಂಡು ನನಗೇ ತಿರುಗಿ ಕೊಟ್ಟರಲ್ಲ, ಅದು ಆವತ್ತೇ ಮೊದಲು. ಮದುವೆಯಾಗಿ ಇಷ್ಟು ವರ್ಷ ನನ್ನ ಗಂಡ ನಾನಂದದ್ದಕ್ಕೆ ಹೂಂ ಅಂದದ್ದೂ ಕಡಿಮೆ.

ಹೀಗೆ ಅಭ್ಯಾಸವಾಗಿದ್ದು ಮನೆಯಲ್ಲಿ ಎಲ್ಲರ ಮೇಲೂ ಹರಿಯತೊಡಗಿತು. ಒಂದು ಭಾನುವಾರ ಮಗ ಚಾಪೆಯ ಮೇಲೆ ಕಾಲು ಚಾಚಿ ಟಿವಿ ನೋಡುತ್ತಾ, “ಲೇ, ಒಂದ್ ಕಾಫಿ ತಗಂಬಾ” ಅಂದ.

ಇವಳು ಬಂದು ಕೈಕಟ್ಟಿ ನಿಂತಳು. “ಅಂದ್ರೆ ಸರ್, ನೀವು ಹೇಳ್ತಿರೋದು, ನಿಮಗೂ ರಜಾ, ನನಗೂ ರಜಾ, ಆದ್ರೆ ನೀವು ಮಲ್ಗಿರ್ತೀರ, ನಾನು ಎದ್ದು ಕಾಫಿ ಕಾಯಿಸ್ಬೇಕು. ಸರಿನಾ?”

ಹಾಗೆ ಬಿಡಿಸಿ ಹೇಳಿದ ಮೇಲೆ ಸರಿ ಅನ್ನುವುದು ಕಷ್ಟ. ಮಗ ಎದ್ದು ಹೋಗಿ ತಾನೇ ಕಾಯಿಸಿಕೊಂಡ. ಸಕ್ಕರೆ ಹಾಕುವುದು ಮರೆತು ಕುಡಿದ, ಯಾರಿಗೂ ಹೇಳಲಿಲ್ಲ.

ಇದರ ನಡುವೆ ಗ್ರಾಮಸಭೆ ಬಂತು. ಶಾಲೆಯ ಬಯಲಿನಲ್ಲೇ ಶಾಮಿಯಾನ ಹಾಕಿದರು. ಸ್ವಸಹಾಯ ಸಂಘದ ಹೆಂಗಸರೆಲ್ಲ ಬರಲೇಬೇಕು, ಜನ ಸೇರದಿದ್ದರೆ ಸಭೆ ನಡೆಯುವುದಿಲ್ಲ ಅಂತ ಹೇಳಿಕಳಿಸಿದ್ದರು. ಮಗ ದೊಡ್ಡ ಮೊಮ್ಮಗಳಿಗೂ, “ನೀನೂ ಬಾರೇ. ಓಟು ಬಂದೈತಲ್ಲ. ನಮ್ ಕಡೆ ಒಂದ್ ತಲೆ ಜಾಸ್ತಿ ಆಗ್ಲಿ” ಅಂದ. ನಮ್ಮ ಕಡೆ ಅಂದರೆ ಯಾವ ಕಡೆ ಅಂತ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗಂಡಸರಿಗೆ ಕುರ್ಚಿ, ನಮಗೆ ಜಮಖಾನ. ಹಿಂದುಗಡೆ ಚಿತ್ರಾನ್ನದ ಪಾತ್ರೆಯ ಮುಚ್ಚಳ ತೆಗೆದಿದ್ದರಿಂದ ನಮ್ಮ ಮೂಗು ಆ ಕಡೆ, ಕಿವಿ ಈ ಕಡೆ ಇತ್ತು. ಪಂಚಾಯ್ತಿಯ ಪಿಡಿಓ ಎದ್ದು ಓದತೊಡಗಿದರು. ಒಳ್ಳೆಯ ಮನುಷ್ಯ, ನಮ್ಮ ಮನೆಯ ನಲ್ಲಿ ಕೆಟ್ಟಾಗ ತಾನೇ ಬಂದು ನೋಡಿ ಹೋಗಿದ್ದವರು. ಆದರೆ ಕೈಗೆ ಕಾಗದ ಬಂದರೆ ಅವರ ಬಾಯಿಗೆ ಏನಾಗುತ್ತದೋ. “ಸದರಿ ಜಾಗವನ್ನು ವಾಹನ ನಿಲುಗಡೆಯ ಉದ್ದೇಶಕ್ಕಾಗಿ ಮೀಸಲಿರಿಸುವ ಸಂಬಂಧ, ಸದರಿ ಪ್ರಸ್ತಾವನೆಯಂತೆ, ಸದರಿ ಆವರಣಕ್ಕೆ ಬೇಲಿ ನಿರ್ಮಿಸಿ...”

“ಹೂಂ” ಅಂದೆವು ನಾವು.

ಪಕ್ಕದ ಮನೆಯವಳು ನನ್ನ ಕಿವಿಗೆ ಬಾಯಿಟ್ಟಳು. “ಸದರಿ ಅಂದ್ರೆ ಯಾರಕ್ಕ? ನಮ್ಮೂರೋರಾ?”

“ಅಲ್ಲ ಅನ್ಸತ್ತೆ. ಮಧುರೆ ಹೋಬಳಿ ಕಡೆಯೋರಿರ್ಬೇಕು.”

“ಪಾಪ, ಅವ್ರ ಜಾಗ ಹೋಗ್ತಾ ಐತೆ ಅನ್ಸತ್ತೆ.”

“ಹೂಂ” ಅಂದೆ ನಾನು.

ಪಿಡಿಓ ಒಂದೊಂದು ಸಾಲು ಓದಿದಾಗಲೂ ಜಮಖಾನದಿಂದ ಹೂಂ ಹೋಗುತ್ತಲೇ ಇತ್ತು. ಪಾಪದ ಮನುಷ್ಯ ಒಬ್ಬರೇ ಅಷ್ಟು ಉದ್ದ ಓದುತ್ತಿದ್ದಾರೆ, ಹೂಂ ಅನ್ನದೆ ಕೂತರೆ ಚೆನ್ನಾಗಿರುತ್ತದೆಯೇ? ಕೊನೆಯಲ್ಲಿ “ಆಗಬಹುದಲ್ವೇನಮ್ಮ?” ಅಂದರು. ಅದಕ್ಕೂ ಅದೇ ರಾಗದಲ್ಲಿ ಹೂಂ ಹೋಯಿತು. ಪಕ್ಕದಲ್ಲಿದ್ದ ಗುಮಾಸ್ತನ ಕಡೆ ತಿರುಗಿ, “ಬರ್ಕೊಳಪ್ಪ, ಸಭೆ ಸರ್ವಾನುಮತದಿಂದ ಒಪ್ಪಿದೆ” ಅಂದರು. ಕುರ್ಚಿಯ ಮೇಲಿದ್ದ ಟ್ಯಾಕ್ಸಿ ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ಮಗನೂ ತಟ್ಟಿದ. ಅವರು ತಟ್ಟಿದರಲ್ಲ ಅಂತ ನಮ್ಮಲ್ಲಿ ಕೆಲವರೂ ತಟ್ಟಿದರು.

ಆಗ ನನ್ನ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಎದ್ದು ನಿಂತಳು. ಕೈಕಟ್ಟಿಕೊಂಡಳು. ಮೇಲಿನ ಹಲ್ಲು ಮಾತ್ರ ಕಾಣುವ ಹಾಗೆ ನಕ್ಕಳು. ಇವಳಿಗೇನು ಬಂತು, ಇಲ್ಲಿ ಯಾರ ಬ್ಯಾಗು ಕಳೆದಿದೆ ಅಂತ ನಾನು ಅವಳ ಚೂಡಿದಾರದ ಅಂಚು ಹಿಡಿದು ಎಳೆದೆ. ಕೂರಲಿಲ್ಲ.

“ಸರ್, ಒಂದ್ ನಿಮಿಷ. ಅಂದ್ರೆ ಸರ್, ನೀವು ಹೇಳ್ತಿರೋದು, ಈಗ ನಾವು ಕೂತಿದೀವಲ್ಲ ಈ ಬಯಲಲ್ಲಿ ಟ್ಯಾಕ್ಸಿಗಳನ್ನ ನಿಲ್ಲಿಸ್ತಾರೆ. ಸುತ್ತ ಬೇಲಿ ಹಾಕಿ ಗೇಟ್ ಇಡ್ತಾರೆ. ಮಕ್ಕಳು ಇನ್ಮೇಲೆ ಶಾಲೆ ವರಾಂಡದಲ್ಲೇ ಆಡ್ಕೋಬೇಕು. ಸರಿನಾ ಸರ್?”

ಪಿಡಿಓ ಕಾಗದ ನೋಡಿದರು, ಅವಳನ್ನು ನೋಡಿದರು. “ಅದನ್ನೇ ಅಲ್ಲೇನಮ್ಮ ಇಷ್ಟ್ಹೊತ್ತು ಓದಿದ್ದು?”

ಜಮಖಾನದಿಂದ ಎದ್ದಿತು ನೋಡಿ ಗಲಾಟೆ.

“ಅಯ್ಯೋ ನಿಮ್ಮ! ಈ ಬಯಲಾ?”

“ಸದರಿಯೋರ ಜಾಗ ಅಂದ್ರಲ್ಲ!”

“ಸದರಿ ಅಂದ್ರೆ ಇದೇ ಕಣಮ್ಮ” ಅಂದ ಗುಮಾಸ್ತ.

“ಹಂಗಾದ್ರೆ ಇದು ಅಂತಲೇ ಅನ್ನೋಕೇನಪ್ಪ ನಿಮಗೆ ದಾಡಿ?” ಅಂದಳು ಪಕ್ಕದ ಮನೆಯವಳು. ಮಧುರೆ ಕಡೆಯವರಿಗಾಗಿ ಮರುಗಿದ್ದೆಲ್ಲ ದಂಡವಾಯಿತು ಅಂತ ಅವಳಿಗೆ ಇನ್ನೂ ಸಿಟ್ಟು.

ಪಂಚಾಯ್ತಿ ಅಧ್ಯಕ್ಷರು ಎದ್ದು ಎರಡೂ ಕೈ ಎತ್ತಿದರು. “ನೋಡ್ರಮ್ಮ, ಈಗ ತಾನೆ ಎಲ್ರೂ ಹೂಂ ಅಂದ್ರಿ. ಒಪ್ಕೊಂಡಾದ್ಮೇಲೆ ಹಿಂಗೆ ಮಾಡಿದ್ರೆ ಹೆಂಗೆ?”

ನನಗೆ ತಡೆಯಲಾಗಲಿಲ್ಲ. “ಹೂಂ ಅಂದ್ವಿ. ನೀವು ಹೇಳ್ತಿದ್ರಿ, ನಾವು ಕೇಳಿಸ್ಕೊತಿದ್ವಿ. ಕತೆ ಹೇಳೋರ್ಗೆ ಹೂಂ ಅನ್ನಲ್ವಾ?”

“ಇದು ಕತೆ ಅಲ್ಲಮ್ಮ, ಸಭೆ ನಡಾವಳಿ.”

“ಕೇಳೋಕೆ ಕತೆ ತರಾನೇ ಇತ್ತು ಬಿಡಿ. ಯಾವ ರಾಜ್ಯ, ಯಾರ ಜಾಗ, ಒಂದೂ ತಿಳೀಲಿಲ್ಲ.”

ಕುರ್ಚಿಗಳ ಕಡೆಯಿಂದಲೂ ನಗು ಬಂತು. ಪಿಡಿಓ ಕೂಡ ಕಾಗದದಿಂದ ಬಾಯಿ ಮುಚ್ಚಿಕೊಂಡರು.

ನನ್ನ ಮಗ ನಗಲಿಲ್ಲ. ಎದ್ದ. ಅವನ ಮುಖ ಕೆಂಪಾಗಿತ್ತು. “ನಗ್ರಿ, ಎಲ್ರೂ ನಗ್ರಿ. ಡ್ಯೂಟಿ ಮುಗ್ಸಿ ಬರೋ ಹುಡುಗ್ರು ಗಾಡಿ ಎಲ್ಲಿ ನಿಲ್ಸೋದು? ಮೇನ್ ರೋಡಲ್ಲಿ ಬಿಟ್ರೆ ಲಾರಿಯೋನು ಕನ್ನಡಿ ಕಿತ್ಕೊಂಡು ಹೋಗ್ತಾನೆ. ಊರೊಳಗೆ ಬಿಟ್ರೆ ದಾರಿಗೆ ಅಡ್ಡ ಅಂತ ನೀವೇ ಬೈತೀರ. ನಾವು ದುಡಿಯೋದು ಬ್ಯಾಡ್ವಾ?”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಗಾಡಿಯ ಕನ್ನಡಿಯೇ ಒಮ್ಮೆ ಹಾಗೆ ಹೋದದ್ದು ನಮ್ಮ ಮನೆಯವರಿಗೆಲ್ಲ ಗೊತ್ತು. ಮಗಳು ಅಪ್ಪನ ಕಡೆ ತಿರುಗಿದಳು. ಈ ಸಲ ಹಲ್ಲು ತೋರಿಸಲಿಲ್ಲ.

“ಅಂದ್ರೆ ಅಪ್ಪ, ನೀನು ಹೇಳ್ತಿರೋದು, ಗಾಡಿ ನಿಲ್ಸೋಕೆ ಒಂದು ಜಾಗ ಬೇಕು. ಈ ಬಯಲೇ ಆಗ್ಬೇಕು ಅಂತಲ್ಲ. ಸರಿನಾ?”

ಅವನು ನೆಲ ನೋಡುತ್ತಾ ಅಂದ, “...ಹೂಂ.”

“ಗುರೂ, ಅದು ಯಾವ ಹೂಂ?” ಅಂತ ಹಿಂದಿನ ಕುರ್ಚಿಯಿಂದ ಯಾವನೋ ಕೂಗಿದ. “ಕೇಳಿಸ್ಕೊಂಡಿದ್ದೋ, ಒಪ್ಕೊಂಡಿದ್ದೋ?”

“ಕೇಳಿಸ್ಕೊಂಡಿದ್ದು ಕಣ್ಲಾ!” ಅಂದ ನನ್ನ ಮಗ. ಆಗ ಶಾಮಿಯಾನದ ಕಂಬವೂ ನಕ್ಕಿರಬೇಕು. ಅವನಿಗೂ ನಗು ಬಂದುಬಿಟ್ಟಿತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ.

ಇನ್ನು ಹೂಂ ಬೇಡ, ಕೈ ಎತ್ತಿ ಅಂದರು ಪಿಡಿಓ. ಎತ್ತಿಸುವ ಮೊದಲು ವಿಷಯವನ್ನು ಇನ್ನೊಮ್ಮೆ ಹೇಳಿದರು, ಕಾಗದ ಮಡಚಿ ಜೇಬಿಗಿಟ್ಟು, ನಮ್ಮ ಮನೆಯ ನಲ್ಲಿ ಯಾಕೆ ಕೆಟ್ಟಿತು ಅಂತ ನನಗೆ ಹೇಳಿದ ಹಾಗೆ. ಎಷ್ಟು ಚೆನ್ನಾಗಿ ಹೇಳಿದರು ಅಂದರೆ, ಹೀಗೆ ಹೇಳಲು ಬರುವ ಮನುಷ್ಯ ಆ ಕಾಗದ ಯಾಕೆ ಓದುತ್ತಿದ್ದರು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಟ್ಯಾಕ್ಸಿಗೆ ಕೊಡೋಣ ಅನ್ನುವವರು ಕೈ ಎತ್ತಿ ಅಂದಾಗ ನನ್ನ ಮಗ ಎತ್ತಿದ. ನಮ್ಮ ಕಡೆ ನೋಡಿಕೊಂಡೇ ಎತ್ತಿದ. ಬೇಡ ಅನ್ನುವವರು ಎತ್ತಿ ಅಂದಾಗ ನಾನು, ಮೊಮ್ಮಗಳು, ಸೊಸೆ, ಜಮಖಾನದ ಮೇಲಿದ್ದ ಬಹುಪಾಲು ಹೆಂಗಸರು ಎತ್ತಿದೆವು. ಪಕ್ಕದ ಮನೆಯವಳು ಎರಡು ಕೈ ಎತ್ತಿ ಗುಮಾಸ್ತನಿಂದ ಬೈಸಿಕೊಂಡಳು. ಬಯಲು ಉಳಿಯಿತು.

ಮಗ ಮುನಿಸಿಕೊಂಡು ನಡೆದು ಹೋಗಿಬಿಡುತ್ತಾನೆ ಅಂದುಕೊಂಡಿದ್ದೆ. ಗಾಡಿ ತಂದು ನಮ್ಮ ಮುಂದೆ ನಿಲ್ಲಿಸಿ, “ಹತ್ರಿ, ಗೆದ್ದೋರೆಲ್ಲ ಹಿಂದ್ಗಡೆ ಕೂತ್ಕೊಳ್ರಿ” ಅಂದ. ಹತ್ತಿದೆವು. ಮನೆ ಹತ್ತಿರ ಬಂದಾಗ ಮಗಳಿಗೆ, “ಇದನ್ನೇ ಏನೇ ಅಲ್ಲಿ ಕಲ್ಸೋದು? ನಾನು ಫೀಸ್ ಕಟ್ಟಿ ನನ್ಗೇ ತಿರುಗ್ಸೋದಾ?” ಅಂದ.

“ಅಲ್ಲಪ್ಪ. ಅಲ್ಲಿ ಕಲ್ಸಿದ್ದು ಬ್ಯಾಗಿಗೆ.”

ಅದು ನಿಜ. ಆ ಮಹಡಿಯ ಮೇಷ್ಟ್ರು ಕಲಿಸಿದ್ದು, ಬಂದವರ ಕೋಪ ಇಳಿಸಿ ಸಾಲು ಮುಂದೆ ಸಾಗಿಸುವುದಕ್ಕೆ. ಇವಳು ಅದನ್ನು ಪಂಚಾಯ್ತಿಗೆ ತಂದು ನಮ್ಮ ಕೋಪ ಏರಿಸಿದಳು. ಕೆಲಸಕ್ಕೆ ಅಂತ ಕಲಿತದ್ದು ಕೆಲಸದ ಜಾಗದಲ್ಲೇ ಕೂತಿರುತ್ತದೆ ಅಂತ ಕಲಿಸುವವರು ಅಂದುಕೊಂಡಿರುತ್ತಾರೋ ಏನೋ. ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರು ಕಲಿಸಿದ್ದೂ ಶಾಲೆಯಲ್ಲಿ ಕೂತಿರಲಿಲ್ಲವಲ್ಲ. ಅತ್ತೆ ಮನೆಗೆ ಬಂತು, ಸಂಘಕ್ಕೆ ಬಂತು, ಗ್ರಾಮಸಭೆಯ ಜಮಖಾನದ ತನಕ ಬಂತು. ಅರ್ಥ ಆಗಲಿಲ್ಲ ಸಾ ಅಂದವಳನ್ನು ಹೊರಗೆ ನಿಲ್ಲಿಸುವ ಬದಲು ಇನ್ನೊಂದು ಸಲ ಹೇಳಿಕೊಟ್ಟಿದ್ದರೆ, ನಾವು ಇಷ್ಟು ಜನ ಹೆಂಗಸರು ಸದರಿಯವರಿಗಾಗಿ ಮರುಗುತ್ತಾ ಕೂರುತ್ತಿರಲಿಲ್ಲ. ಈಗ ಚಿಕ್ಕವಳಿಗೆ ನಾನು ಹೇಳಿಟ್ಟಿದ್ದೇನೆ, ಮೇಷ್ಟ್ರು ಅರ್ಥ ಆಯ್ತಾ ಅಂದರೆ ಆದರೆ ಮಾತ್ರ ಹೂಂ ಅನ್ನು ಅಂತ. ಅವಳು ಎಲ್ಲದಕ್ಕೂ ಇಲ್ಲ ಅನ್ನತೊಡಗಿದ್ದಾಳೆ. ಮೇಷ್ಟ್ರು ಕರೆಸಿ ನನ್ನನ್ನೇ ಕೇಳಿದರು. ಅದು ಬೇರೆ ಕತೆ.

ದೊಡ್ಡವಳಿಗೆ ಕೆಲಸ ಸಿಕ್ಕಿತು, ಬ್ಯಾಗು ಬಾರದವರು ಬಂದು ಕೂಗಾಡುವ ಕಡೆಯೇ. ನನ್ನಷ್ಟು ಕೆಟ್ಟ ಪ್ರಯಾಣಿಕರು ಇನ್ನೂ ಯಾರೂ ಬಂದಿಲ್ಲವಂತೆ.

ಆದರೆ ಮಗನ ಗಾಡಿಯ ಪ್ರಶ್ನೆ ಹಾಗೇ ಉಳಿಯಿತಲ್ಲ. ಸಭೆಯ ಮಾರನೇ ದಿನ ಅವನು ಹಟ್ಟಿಬಾಗಿಲಲ್ಲಿ ನಿಂತು, “ಅವ್ವಾ, ಊರು ಬ್ಯಾಡ ಅಂತು. ಸರಿ. ಈಗ ನೀನೇ ಹೇಳು, ಎಲ್ಲಿ ನಿಲ್ಸ್ಲಿ?” ಅಂದ. ಕೈ ಎತ್ತಿದವಳು ನಾನು. ಮಕ್ಕಳ ಬಯಲು ಕೊಡುವುದು ಬೇಡ ಅಂದ ಮೇಲೆ ಯಾರದಾದರೂ ಜಾಗ ಬೇಕಲ್ಲ. ಮನೆಯ ಮುಂದಿನ ಅಂಗಳ ಬಿಟ್ಟುಕೊಟ್ಟೆ. ಸೌದೆ ರಾಶಿ ಹಿತ್ತಿಲಿಗೆ ಹೋಯಿತು, ಕೋಳಿಗೂಡು ಗೋಡೆಯ ಸಂದಿಗೆ ಹೋಯಿತು. ಈಗ ನಾನು ಹೊರಗೆ ಬರಬೇಕಾದರೆ ಗಾಡಿಗೂ ಗೋಡೆಗೂ ನಡುವೆ ಅಡ್ಡಡ್ಡ ತೂರಿಕೊಂಡು ಬರಬೇಕು. ನಮ್ಮನ್ನು ನೋಡಿ ಇನ್ನೂ ಎರಡು ಮನೆಯವರು ಹಾಗೆಯೇ ಮಾಡಿದ್ದಾರೆ, ಬೈದುಕೊಂಡೇ ಮಾಡಿದ್ದಾರೆ.

ಬಿಸಿಲು ಬೀಳುತ್ತಿದ್ದ ಜಾಗವನ್ನೆಲ್ಲ ಗಾಡಿಯೇ ನುಂಗಿದ್ದರಿಂದ ಸಂಡಿಗೆಯನ್ನು ಅದರ ಮೇಲೆಯೇ ಬಟ್ಟೆ ಹಾಸಿ ಇಡುತ್ತೇನೆ. ತಗಡು ಕಾಯುತ್ತದೆ, ಬೇಗ ಒಣಗುತ್ತದೆ. ಮೊದಲ ವಾರ ಅವನು ನೋಡದೆ ಹೊರಟು, ಕುಂದಾಣದ ತನಕ ದಾರಿಯುದ್ದಕ್ಕೂ ಸಂಡಿಗೆ ಬಿತ್ತಿಕೊಂಡು ಹೋಗಿದ್ದ. ಇಬ್ಬರೂ ಚೆನ್ನಾಗಿ ಜಗಳವಾಡಿದೆವು. ಅಂದಿನಿಂದ ಬೀಗದ ಕೈ ತಿರುಗಿಸುವ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅವ್ವೋ, ತಗೀಲಾ?” ಅಂತ ಕೂಗುತ್ತಾನೆ. ನಾನು ಬಂದು ಬಟ್ಟೆ ಎತ್ತಿಕೊಂಡು, “ತಗಿ” ಅನ್ನುತ್ತೇನೆ. ಅದಾದ ಮೇಲೇ ಗಾಡಿ ಅಲ್ಲಾಡುವುದು.